ಹೊಟ್ಟೆ ತುಂಬಿದ ಯಂತ್ರ

ಆಟದ ಕೋಣೆ ಅಂದರೆ ನನ್ನ ಕೋಣೆ. ಶಾಲೆಗೆ ಸೇರಿದ ದಿನದಿಂದ ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಾನು ಡ್ರಿಲ್ ಮೇಷ್ಟ್ರು. ಉಳಿದವರಿಗೆ ಫ್ಯಾನು, ಮೆತ್ತನೆ ಕುರ್ಚಿ, ಹರಟೆ ಇರುವ ಸ್ಟಾಫ್ ರೂಮ್ ಇದೆ. ನನಗೆ ಅಲ್ಲಿ ಸ್ವಲ್ಪ ಹೊತ್ತು ಕೂತರೆ ಮೈಯೆಲ್ಲ ಕಡಿತ. ಮೈದಾನದ ಅಂಚಿನಲ್ಲಿರುವ ಆ ಉದ್ದ ಕೋಣೆ, ಅದರೊಳಗಿನ ಚೆಂಡುಗಳ ಚೀಲ, ಬಲೆ, ಹರ್ಡಲ್‌ಗಳ ರಾಶಿ, ಸುಣ್ಣದ ಪುಡಿಯ ಡಬ್ಬ, ಬೆವರಿನ ವಾಸನೆ, ಇಷ್ಟೇ ನನ್ನ ಸಂಸಾರ.

ಒಂದು ದಿನ ಆ ಕೋಣೆಯ ನಟ್ಟನಡುವೆ ಒಂದು ಮೇಜು ಬಂದು ಕೂತಿತು. ಚಿಕ್ಕದಲ್ಲ, ನಾಲ್ಕು ಜನ ಮಲಗಬಹುದಾದಂಥದ್ದು. ಸುತ್ತ ಗೇಣುದ್ದದ ಗೋಡೆ, ಮೇಲೆ ಬಿಳಿ ಹಾಸು, ಹಾಸಿನ ಮೇಲೆ ಬಣ್ಣಬಣ್ಣದ ಚೌಕ. ಅದರ ಮೇಲೆ ಓಡಾಡಲಿಕ್ಕೆ ಒಂದು ರೋಬಾಟ್ ಅಂತೆ. ನಾನು ಸಿನಿಮಾದಲ್ಲಿ ಕಂಡ ಹಾಗೆ ಕೈ ಕಾಲು ತಲೆ ಇರುವ ಆಳೆತ್ತರದ್ದು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಊಟದ ಡಬ್ಬಿಗೆ ಎರಡು ಚಕ್ರ ಹಾಕಿ ಮುಂದೆ ಒಂದು ಕೊಕ್ಕು ಸಿಕ್ಕಿಸಿದ ಹಾಗಿತ್ತು. ಮಕ್ಕಳು ಅದನ್ನು 'ಹುಳ' ಅಂತ ಮುದ್ದಾಗಿ ಕರೆಯುತ್ತಿದ್ದರು. ನಾನು ಡಬ್ಬಿ ಅಂತಲೇ ಕರೆದೆ.

ಮೇಜು ಬಂದದ್ದೇ ನನ್ನ ಬಲೆಗಳು ಮೂಲೆ ಸೇರಿದವು, ಹರ್ಡಲ್‌ಗಳು ಹೊರಗೆ ಮಳೆಗೆ ಬಿದ್ದು ತುಕ್ಕು ಹಿಡಿದವು. ನಾನು ದೊಡ್ಡ ಮೇಡಂ ಹತ್ತಿರ ಹೋಗಿ ಕೂಗಾಡಿದೆ. ನಮ್ಮ ಹೆಡ್ ಮಿಸ್ಟ್ರೆಸ್‌ಗೆ ಇಡೀ ಶಾಲೆ ದೊಡ್ಡ ಮೇಡಂ ಅನ್ನುತ್ತದೆ, ಆಕೆಯ ಎತ್ತರ ನನ್ನ ಭುಜದಷ್ಟೂ ಇಲ್ಲ. ಆಕೆ ನನ್ನ ಕೂಗಾಟವನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ಕಂಪ್ಯೂಟರ್ ಮೇಡಂ ಹೆರಿಗೆ ರಜೆ ಮೇಲೆ ಹೋಗ್ತಿದ್ದಾರೆ. ರೋಬಾಟ್ ತಂಡಾನ ಸ್ಪರ್ಧೆಗೆ ನೀವೇ ಕರ್ಕೊಂಡು ಹೋಗ್ಬೇಕು," ಅಂದರು.

"ನನಗೆ ಟಿವಿ ರಿಮೋಟೇ ನೆಟ್ಟಗೆ ಒತ್ತಕ್ಕೆ ಬರಲ್ಲ ಮೇಡಂ."

"ಒತ್ತೋದೆಲ್ಲ ಮಕ್ಕಳು. ನೀವು ಸುಮ್ನೆ ಜೊತೇಲಿರಿ ಸಾಕು. ಸ್ಪರ್ಧೆ ಅಂದ್ರೇನು ಅಂತ ಈ ಶಾಲೇಲಿ ನಿಮ್ಮನ್ನ ಬಿಟ್ರೆ ಯಾರಿಗೆ ಗೊತ್ತು?"

ಸುಮ್ಮನೆ ಇರುವುದು! ನಾನು ಹುಟ್ಟಿದಾಗಿನಿಂದ ಕಲಿಯದ ಒಂದೇ ವಿದ್ಯೆ.

"ಮತ್ತೆ ನನ್ನ ಕೋಣೆ?"

ಆಗ ಆಕೆ ಒಂದು ಕೆಲಸ ಮಾಡಿದರು. ನನ್ನನ್ನು ಕರೆದುಕೊಂಡು ಆಟದ ಕೋಣೆಗೇ ಬಂದು, ತಂಡದ ಮಕ್ಕಳ ಎದುರಿಗೇ ತೀರ್ಮಾನ ಹೇಳಿಬಿಟ್ಟರು. "ಮುಂದಿನ ಸುತ್ತಿಗೆ ನಮ್ಮ ಶಾಲೆ ಹೋದ್ರೆ ಈ ಕೋಣೆ ರೋಬಾಟ್ ತಂಡದ್ದು. ಹೋಗದಿದ್ರೆ ಮೇಜು ಎತ್ತಿಸ್ತೀನಿ, ಕೋಣೆ ಡ್ರಿಲ್ ಮೇಷ್ಟ್ರದ್ದು. ಒಪ್ಪಿಗೆನಾ?"

ಮಕ್ಕಳು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಸೋತರೆ ಕೋಣೆ ನನ್ನದು, ಗೆದ್ದರೆ ಅವರದು, ಗೆಲ್ಲಿಸಬೇಕಾದವನು ನಾನು. ಇಂಥ ನ್ಯಾಯವನ್ನು ಅದು ಯಾವ ಪುಸ್ತಕದಲ್ಲಿ ಓದಿಕೊಂಡು ಬಂದಿದ್ದರೋ ಆ ಮಹಾತಾಯಿ!

ತಂಡದಲ್ಲಿ ಮೂರು ಜನ. ಒಬ್ಬ ತಿರುಪು. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ನನ್ನ ಸೀಟಿಯನ್ನೂ ಒಮ್ಮೆ ಬಿಚ್ಚಿ ಒಳಗಿನ ಗುಂಡು ಕಳೆದಿದ್ದ. ಇನ್ನೊಬ್ಬ ವಕೀಲ. ಸ್ಪರ್ಧೆಯ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡವನು, ಗಾಳಿಯ ಜೊತೆಗೂ ವಾದ ಮಾಡುವವನು. ಮೂರನೆಯವಳು ಚಿಗರೆ. ಆ ಹೆಸರು ನಾನೇ ಇಟ್ಟದ್ದು. ಹರ್ಡಲ್ ಓಟದಲ್ಲಿ ಅವಳಂಥವಳು ನನ್ನ ಕೈಗೆ ಸಿಕ್ಕಿರಲಿಲ್ಲ. ಹಾರುವಾಗ ನೆಲಕ್ಕೇ ಬೇಸರವಾಗಬೇಕು, ಹಾಗೆ ಹಾರುತ್ತಾಳೆ. ಅಂಥವಳು ಸಂಜೆ ಮೈದಾನಕ್ಕೆ ಬರುವುದು ಬಿಟ್ಟು ಈ ಡಬ್ಬಿಗೆ ಪ್ರೋಗ್ರಾಂ ಬರೆಯುತ್ತ ಕೂತಳು. ಕೋಣೆ ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

"ಅದೇನೇ ಅದರಲ್ಲಿ ಅಂಥಾದ್ದು?" ಅಂತ ಕೇಳಿದ್ದೆ ಒಂದು ದಿನ.

"ಸಾರ್, ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತೆ."

"ನಾನೂ ನಿನಗೆ ಹೇಳ್ತಾನೇ ಇದ್ದೀನಲ್ಲ, ಮೈದಾನಕ್ಕೆ ಬಾ ಅಂತ. ನೀನು ಮಾಡ್ತೀಯಾ?"

"ನಾನು ರೋಬಾಟ್ ಅಲ್ವಲ್ಲ ಸಾರ್," ಅಂದಳು. ತಿರುಪು ಕಿಸಕ್ಕನೆ ನಕ್ಕ. ಅವನ ಕಿವಿ ಹಿಂಡಿದೆ.

ಆಟ ಇಷ್ಟೇ: ಡಬ್ಬಿ ಮೂಲೆಯಿಂದ ಹೊರಟು, ಮೇಜಿನ ಮೇಲಿಟ್ಟ ಮರದ ತುಂಡುಗಳನ್ನು ಕೊಕ್ಕಿನಲ್ಲಿ ಹಿಡಿದು, ಅವುಗಳ ಬಣ್ಣದ ಚೌಕಕ್ಕೆ ಸೇರಿಸಿ, ಮತ್ತೆ ಮೂಲೆಗೆ ಬರಬೇಕು. ಯಾರೂ ಮುಟ್ಟುವ ಹಾಗಿಲ್ಲ, ಗುಂಡಿ ಒತ್ತಿದ ಮೇಲೆ ತಾನೇ ಓಡಬೇಕು. ಇಷ್ಟು ಸೆಕೆಂಡ್ ಮುಂದೆ ಹೋಗು, ಇಷ್ಟು ಸೆಕೆಂಡ್ ತಿರುಗು, ಮತ್ತೆ ಇಷ್ಟು ಸೆಕೆಂಡ್ ಹೋಗು ಅಂತ ಚಿಗರೆ ಬರೆದಿಟ್ಟಿದ್ದಳು. ದಿನಾ ಸಂಜೆ ನಾನು ಮೂಲೆಯ ಬಲೆಗಳ ಮೇಲೆ ಕೂತು ನೋಡುತ್ತಿದ್ದೆ. ಡಬ್ಬಿ ಒಂದು ಬೆರಳು ಆಚೆ ಹೋಗುವುದು, ಅವಳು ಸೆಕೆಂಡಿನ ಚೂರು ಕಡಿಮೆ ಮಾಡುವುದು. ಒಂದು ಬೆರಳು ಈಚೆ ನಿಲ್ಲುವುದು, ಚೂರು ಹೆಚ್ಚು ಮಾಡುವುದು. ಇದೇ ಗೋಳು. ನಾನು ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡೆ. ಕೊನೆಗೆ ಅದು ಎಷ್ಟು ಸರಿಯಾಗಿ ಓಡತೊಡಗಿತೆಂದರೆ, ಕಣ್ಣು ಮುಚ್ಚಿಕೊಂಡು ಸದ್ದು ಕೇಳಿಯೇ ಡಬ್ಬಿ ಎಲ್ಲಿದೆ ಅಂತ ನಾನು ಹೇಳಬಲ್ಲವನಾಗಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಅದಕ್ಕೆ ಇನ್ನೊಂದು ಉದ್ಯೋಗ. ದೊಡ್ಡ ಮೇಡಂ ಗೋಡೆಗೆ ಒಂದು ಬ್ಯಾನರ್ ಕಟ್ಟಿಸಿದ್ದರು: 'ಇಂದಿನ ಪುಟಾಣಿಗಳು, ನಾಳಿನ ಇಂಜಿನಿಯರುಗಳು'. ಅದರ ಕೆಳಗೆ ಒಂದೊಂದು ದಿನ ಒಂದೊಂದು ಕ್ಲಾಸಿನ ಚಿಳ್ಳೆಪಿಳ್ಳೆಗಳನ್ನು ಸಾಲಾಗಿ ಕೂರಿಸಿ ಡಬ್ಬಿಯನ್ನು ಓಡಿಸಿ ತೋರಿಸಬೇಕು. ಮಕ್ಕಳಿಗೆ ಸ್ಫೂರ್ತಿ ಬರಲಿ ಅಂತ. ಪುಟಾಣಿಗಳು ಕಿರುಚುವುದು, ಡಬ್ಬಿ ಗಿರಗಿರ ಸುತ್ತುವುದು, ಒಬ್ಬ ಅದರ ಕೊಕ್ಕಿಗೆ ಜಾಮ್ ಬನ್ ತಿನ್ನಿಸಲು ಹೋಗಿ ಮೈಗೆಲ್ಲ ಅಂಟಿಸಿದ್ದೂ ಆಯಿತು. ಆ ಸ್ಫೂರ್ತಿಯನ್ನು ತಿರುಪು ಒಂದಿಡೀ ಸಂಜೆ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದ.

ಸ್ಪರ್ಧೆ ಶನಿವಾರ. ಬೆಳಿಗ್ಗೆ ಶಾಲೆ ತೆರೆಯುವ ಮುಂಚೆಯೇ ಹೊರಡಬೇಕಾದ್ದರಿಂದ ಡಬ್ಬಿಯನ್ನು ನಾನು ಮನೆಗೆ ತೆಗೆದುಕೊಂಡು ಹೋದೆ. ನನ್ನ ಹೆಂಡತಿ ಅದನ್ನು ಊಟದ ಮೇಜಿನ ಮೇಲಿಟ್ಟು ನಾಲ್ಕೂ ಕಡೆಯಿಂದ ನೋಡಿ, "ಇದಕ್ಕಾ ನೀವು ಮನೇಲಿ ದಿನಾ ಎಗರಾಡಿದ್ದು? ಪಾಪ, ಎಷ್ಟು ಚಿಕ್ಕದಿದೆ," ಅಂದಳು.

"ಪಾಪ ಅನ್ಬೇಡ. ನನ್ನ ಕೋಣೆ ನುಂಗಿರೋದು ಅದೇ."

ಹಾಗಂದರೂ ಚಾರ್ಜಿಗೆ ಹಾಕಿದೆ. ನಾನು ಯಾವ ತಂಡವನ್ನೂ ಹಸಿದ ಹೊಟ್ಟೆಯಲ್ಲಿ ಪಂದ್ಯಕ್ಕೆ ಕರೆದುಕೊಂಡು ಹೋದವನಲ್ಲ. ನನ್ನದು ಎರಡೇ ನಿಯಮ. ಹಿಂದಿನ ದಿನ ಹೊಟ್ಟೆ ತುಂಬ ಊಟ, ಪಂದ್ಯದ ಬೆಳಿಗ್ಗೆ ಕಾಲಿಗೆ ವಿಶ್ರಾಂತಿ.

ಸ್ಪರ್ಧೆ ನಡೆದದ್ದು ಒಂದು ಕಾಲೇಜಿನ ಒಳಾಂಗಣದಲ್ಲಿ. ಬಾಸ್ಕೆಟ್‌ಬಾಲ್ ಅಂಕಣ, ಒಳ್ಳೆಯ ಮರದ ನೆಲ. ಅಂಥ ನೆಲದ ಮೇಲೆ ಮೇಜುಗಳನ್ನು ಎಳೆದಾಡಿ ಗೀರು ಬೀಳಿಸಿದ್ದು ನೋಡಿಯೇ ನನಗೆ ಅರ್ಧ ಸಿಟ್ಟು ನೆತ್ತಿಗೇರಿತು. ಎಲ್ಲಿ ನೋಡಿದರೂ ಡಬ್ಬಿಗಳು. ಒಂದೊಂದು ಶಾಲೆಯ ಮಕ್ಕಳಿಗೆ ಒಂದೊಂದು ಬಣ್ಣದ ಟೀ ಶರ್ಟು. ಧ್ವನಿವರ್ಧಕದಲ್ಲಿ ಒಬ್ಬ ಬಾಯಿ ಮುಚ್ಚದೆ ಅರಚುತ್ತಿದ್ದ.

ಒಂದು ಬದಿಯಲ್ಲಿ ಅಭ್ಯಾಸಕ್ಕೆ ಅಂತ ಬೇರೆ ಮೇಜು ಇಟ್ಟಿದ್ದರು. ಅದರ ಮುಂದೆ ಉದ್ದ ಸಾಲು.

"ಸಾರ್, ಒಂದ್ಸಲ ಓಡಿಸಿ ನೋಡ್ಬಿಡ್ತೀವಿ," ಅಂದಳು ಚಿಗರೆ.

"ಬೇಡ."

"ಒಂದೇ ಸಲ ಸಾರ್."

"ಪಂದ್ಯದ ದಿನ ಸುಸ್ತು ಮಾಡಿಸಬಾರದು. ಗೆಲುವನ್ನ ಅಭ್ಯಾಸದ ಮೈದಾನದಲ್ಲೇ ಬಿಟ್ಟು ಬಂದ ತಂಡಗಳನ್ನ ಎಷ್ಟೋ ನೋಡಿದ್ದೀನಿ. ಬ್ಯಾಟರಿ ಉಳೀಲಿ. ಕೂತ್ಕೊಳ್ಳಿ."

ವಕೀಲ ಬಾಯಿ ಹಾಕಿದ. "ಸಾರ್, ಓಟಕ್ಕೆ ಮುಂಚೆ ನಮಗೆ ಮೈ ಬಿಸಿ ಮಾಡ್ಕೊಳ್ಳಿ ಅಂತೀರಲ್ಲ?"

"ನಿನಗೆ ಮೈ ಇದೆ. ಅದಕ್ಕೆ ಎಲ್ಲೋ ಇದೆ ಮೈ? ಕೂತ್ಕೋ ಅಂದ್ರೆ ಕೂತ್ಕೋ!"

ಕೂತರು. ಮೂರು ಸಲ ಓಡಿಸಲು ಅವಕಾಶ, ಮೂರರಲ್ಲಿ ಒಳ್ಳೆಯದು ಯಾವುದೋ ಅದು ಲೆಕ್ಕಕ್ಕೆ. ಮೇಜಿನ ಸುತ್ತ ಒಂದು ಹಳದಿ ಪಟ್ಟಿ ಎಳೆದಿದ್ದರು. ಹಿರಿಯರು ಅದರಾಚೆ ಕಾಲಿಡುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ, ಯಂತ್ರವನ್ನಾಗಲಿ ಪ್ರೋಗ್ರಾಮನ್ನಾಗಲಿ ಮುಟ್ಟುವ ಹಾಗಿಲ್ಲ. ತಂಡದ ಜೊತೆ ಬಂದವನನ್ನು ತಂಡದಿಂದ ದೂರ ಇಡುವ ಆಟ ನಾನು ಇದೇ ಮೊದಲು ಕಂಡದ್ದು.

ನಮ್ಮ ಸರದಿ ಬಂತು. ತಿರುಪು ಡಬ್ಬಿಯನ್ನು ಮೂಲೆಯಲ್ಲಿಟ್ಟ. ಚಿಗರೆ ಗುಂಡಿ ಒತ್ತಿದಳು.

ಗೂಟ ಕಿತ್ತ ಕರುವಿನ ಹಾಗೆ ಹೊರಟಿತು ಅದು. ಸದ್ದು ಕೇಳಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ನನಗೆ ತಿಳಿಯಿತು. ನಮ್ಮ ಡಬ್ಬಿ ಗುರ್ರ್ ಅನ್ನುತ್ತದೆ, ಇದು ಕೀಂಯ್ ಅನ್ನುತ್ತಿತ್ತು. ಮರದ ತುಂಡಿನ ಹತ್ತಿರ ನಿಲ್ಲಬೇಕಾದದ್ದು ಅದನ್ನು ಗುದ್ದಿಕೊಂಡು ಮುಂದಕ್ಕೆ ಹೋಯಿತು. ಅರ್ಧ ಸುತ್ತಬೇಕಾದ ಕಡೆ ಮುಕ್ಕಾಲು ಸುತ್ತಿತು. ಕೊನೆಗೆ ಗೋಡೆಗೆ ಮೂತಿ ಕೊಟ್ಟು, ಚಕ್ರ ತಿರುಗಿಸುತ್ತ ಅಲ್ಲೇ ನಿಂತಿತು, ಗೋಡೆಯನ್ನೇ ದಬ್ಬಿ ಆಚೆ ಹೋಗುವವರ ಹಾಗೆ. ಸುತ್ತ ನಿಂತವರೆಲ್ಲ ನಕ್ಕರು. ಸೊನ್ನೆ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಮೂತಿ ಗೋಡೆಗೆ ಗುದ್ದಿದಾಗ ನನ್ನ ಕಣ್ಣ ಮುಂದೆ ಖಾಲಿಯಾದ ನನ್ನ ಕೋಣೆ ಬಂತು, ಖುಷಿಯಾಯಿತು. ಮರುಕ್ಷಣವೇ ಆ ನಗು ಕೇಳಿ ಮೈ ಉರಿದುಹೋಯಿತು. ನನ್ನ ತಂಡವನ್ನು ನೋಡಿ ಇವರು ಯಾರು ನಗಲಿಕ್ಕೆ?

"ಹಿಡೀರೋ ಅದನ್ನ! ಏನು ನೋಡ್ತಾ ನಿಂತಿದ್ದೀರಾ?" ಅಂತ ಅರಚಿಬಿಟ್ಟೆ.

ಹಳದಿ ಕೋಟಿನ ತೀರ್ಪುಗಾರ ನನ್ನ ಕಡೆ ತಿರುಗಿದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ ಅವನಿಗೆ. "ಸಾರ್, ಹಿರಿಯರು ಮಾತಾಡೋ ಹಾಗಿಲ್ಲ. ಇನ್ನೊಂದ್ಸಲ ಕೂಗಿದ್ರೆ ನಿಮ್ಮ ತಂಡದ ಒಂದು ಸರದಿ ಹೋಗುತ್ತೆ."

ನಾನು ಬಾಯಿ ಮುಚ್ಚಿದೆ. ಮುಚ್ಚಿದ ಬಾಯೊಳಗೆ ಅವನಿಗೆ ಎಷ್ಟು ಬೈದೆನೋ ನನಗೇ ಲೆಕ್ಕವಿಲ್ಲ.

ತಂಡಗಳಿಗೆ ಕೊಟ್ಟಿದ್ದ ಜಾಗಕ್ಕೆ ಬಂದ ಮೇಲೆ ಚಿಗರೆ ನನ್ನೆದುರು ಬಂದು ನಿಂತಳು. ಮುಖ ಕೆಂಪಗಿತ್ತು.

"ಏನ್ ಮಾಡಿದ್ರಿ ಸಾರ್ ಇದಕ್ಕೆ?"

"ನಾನೇನೇ ಮಾಡ್ಲಿ? ಚಾರ್ಜಿಗೆ ಹಾಕಿದ್ದೆ. ರಾತ್ರಿಯೆಲ್ಲಾ."

"ಬೆಳಿಗ್ಗೆ ಓಡಿಸಿ ನೋಡ್ತೀವಿ ಅಂದ್ರೆ ಬೇಡ ಅಂದ್ರಿ. ಓಡಿಸಿದ್ರೆ ಆಗ್ಲೇ ಗೊತ್ತಾಗ್ತಿತ್ತು, ಸರಿ ಮಾಡ್ಕೋತಿದ್ವಿ. ಬೇಕು ಅಂತಾನೇ ಮಾಡಿದ್ದು ನೀವು."

"ಏನಂದೆ?"

"ಸೋತ್ರೆ ಕೋಣೆ ನಿಮ್ಮದಲ್ವಾ? ಮೂರು ಜನಕ್ಕೂ ಗೊತ್ತು. ಇಡೀ ಶಾಲೆಗೇ ಗೊತ್ತು."

ತಿರುಪು ನೆಲ ನೋಡಿದ. ವಕೀಲ ನಿಯಮದ ಹಾಳೆ ತಿರುವಿದ. ಬೇರೆ ಯಾರಾದರೂ ಆ ಮಾತು ಆಡಿದ್ದರೆ ಅಲ್ಲೇ ಜಾಡಿಸುತ್ತಿದ್ದೆ. ಅವಳ ಕಾಲು ಉಳುಕಿದಾಗ ಹೆಗಲ ಮೇಲೆ ಹೊತ್ತುಕೊಂಡು ಮೈದಾನದ ಉದ್ದಕ್ಕೂ ನಡೆದವನು ನಾನು. ಆ ಬಾಯಲ್ಲಿ ಈ ಮಾತು!

"ಹೌದೇ, ಬೇಕು ಅಂತಾನೇ ಮಾಡ್ದೆ! ರಾತ್ರಿಯೆಲ್ಲಾ ನಿದ್ದೆಗೆಟ್ಟು ಪ್ಲಾನ್ ಹಾಕ್ದೆ! ಹೋಗಿ, ನೀವುಂಟು ನಿಮ್ಮ ಡಬ್ಬಿ ಉಂಟು," ಅಂದು ಹೊರಗೆ ನಡೆದುಬಿಟ್ಟೆ.

ಹೊರಗಿನ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದೆ. ಸೊನ್ನೆ ಬಂತು ಅಂದೆ. ಆ ಹುಡುಗಿ ಹೀಗಂದಳು ಅಂದೆ. ಆ ಕಡೆಯಿಂದ ಏನಾದರೂ ಸಮಾಧಾನ ಬರುತ್ತದೆ ಅಂತ ಕಾದೆ.

"ಕೋಣೆ ಬೇಕಾಗಿತ್ತಲ್ಲ ನಿಮಗೆ. ಸಿಕ್ತು ಬಿಡಿ. ಇನ್ಯಾಕೆ ಕೂಗಾಡ್ತೀರಾ?" ಅಂದಳು.

ಫೋನು ಇಟ್ಟೆ. ಆ ಮನೆಯಲ್ಲಿ ನನ್ನ ಪರ ಮಾತಾಡುವವರು ಯಾರೂ ಇಲ್ಲ. ಆದರೂ ಒಳಗೆ ಹೋಗಿ ನೋಡದೆ ಇರಲಾಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತೆ.

ತಿರುಪು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಚಕ್ರಗಳು ಗಾಳಿಯಲ್ಲಿ ಕೀಂಯ್ ಕೀಂಯ್ ತಿರುಗುತ್ತಿದ್ದವು. ಅವನ ಉಪಾಯ ಅದು: ಹುಳಕ್ಕೆ ಹೊಟ್ಟೆ ತುಂಬಿ ಹೆಚ್ಚಾಗಿದೆ, ಸ್ವಲ್ಪ ಕರಗಿಸೋಣ. ದಿನಾ ಮಧ್ಯಾಹ್ನ ಪುಟಾಣಿಗಳ ಮುಂದೆ ಕುಣಿದು ಕುಣಿದು ಅರೆಜೀವ ಆದ ಮೇಲೆಯೇ ಸಂಜೆ ಅಭ್ಯಾಸ ನಡೆಯುತ್ತಿತ್ತು. ಅವರು ಹಾಕಿಕೊಂಡ ಸೆಕೆಂಡಿನ ಲೆಕ್ಕವೆಲ್ಲ ಆ ದಣಿದ ಬ್ಯಾಟರಿಯದ್ದು. ತುಂಬಿದ ಬ್ಯಾಟರಿ ಅಷ್ಟೇ ಸೆಕೆಂಡಿನಲ್ಲಿ ಹೆಚ್ಚು ದೂರ ಓಡುತ್ತದೆ. ಇಷ್ಟು ನನ್ನಂಥವನಿಗೂ ಅರ್ಥವಾಯಿತು. ಇಷ್ಟು ದಿನ ಇವರು ಮೂವರಲ್ಲಿ ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ ಅನ್ನುವುದು ಮಾತ್ರ ಅರ್ಥವಾಗಲಿಲ್ಲ.

ಎರಡನೆಯ ಸರದಿಗೆ ಡಬ್ಬಿ ಹೊರಟಿತು. ಈಗ ಕರಗಿಸಿದ್ದು ಹೆಚ್ಚಾಗಿತ್ತು. ಮರದ ತುಂಡಿಗೆ ಒಂದು ಗೇಣು ಹಿಂದೆಯೇ ನಿಂತು, ಗಾಳಿಯನ್ನು ಕೊಕ್ಕಿನಲ್ಲಿ ಹಿಡಿದು, ಆ ಗಾಳಿಯನ್ನು ಬಹಳ ಜೋಪಾನವಾಗಿ ಚೌಕದ ಹತ್ತಿರ ಒಯ್ದು ಇಳಿಸಿತು. ಮತ್ತೆ ಸೊನ್ನೆ. ಈ ಸಲ ಯಾರೂ ನಗಲಿಲ್ಲ, ಅಯ್ಯೋ ಅಂದರು. ಅದು ಇನ್ನೂ ಕಷ್ಟ.

ತಿರುಪು ಮತ್ತು ಚಿಗರೆಗೆ ಜಗಳ ಹತ್ತಿಕೊಂಡಿತು.

"ಇನ್ನು ಚೂರು ಚಾರ್ಜ್ ಮಾಡಿದ್ರೆ ಸರಿ ಹೋಗುತ್ತೆ ಕಣೆ."

"ಎಷ್ಟು ಚೂರು? ಹೇಳು, ಎಷ್ಟು?"

"ಚೂರು ಅಂದ್ರೆ ಚೂರು!"

"ಅದಕ್ಕೆ ಹೊಟ್ಟೆ ಹಸಿದಿದ್ಯಾ ತುಂಬಿದ್ಯಾ ಅಂತ ನೋಡ್ಕೊಂಡು ಓಡಿಸೋದಾ ನಾವು? ಹಾಳಾಗ್ಲಿ. ಸೆಕೆಂಡೇ ಬೇಡ." ಅವಳು ಡಬ್ಬಿಯ ಚಕ್ರವನ್ನು ಬೆರಳಿನಿಂದ ತಿರುಗಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಹರ್ಡಲ್ ಓಡುವಾಗ ನಾನು ಗಡಿಯಾರ ನೋಡ್ತೀನೇನೋ? ಹೆಜ್ಜೆ ಎಣಿಸ್ತೀನಿ. ಸುಸ್ತಾಗಿದ್ರೂ ಅಷ್ಟೇ ಹೆಜ್ಜೆ, ಜೋರಾಗಿ ಓಡಿದ್ರೂ ಅಷ್ಟೇ ಹೆಜ್ಜೆ. ಚಕ್ರದ ಸುತ್ತು ಎಣಿಸೋದು ಮೋಟಾರಿನ ಒಳಗೇ ಇದೆ ಅಂತ ಕಂಪ್ಯೂಟರ್ ಮೇಡಂ ಹೇಳಿದ್ರಲ್ಲ. ನಾವೇ ಕಷ್ಟ ಅಂತ ಬಿಟ್ವಿ."

"ಈಗ ಮೊದಲಿಂದ ಬರೀತೀಯಾ?"

"ಬರೀತೀನಿ. ಅಳತೆಪಟ್ಟಿ ತಗೋ. ಚಕ್ರದ ಸುತ್ತಳತೆ ಅಳೆ."

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಚಕ್ರ, ಸುತ್ತಳತೆ ಯಾವುದೂ ತಲೆಗೆ ಹೋಗಲಿಲ್ಲ. ಹೆಜ್ಜೆ ಎಣಿಸುವುದು ಮಾತ್ರ ಕಿವಿಗೆ ಬಿತ್ತು. ಹೆಜ್ಜೆ ಎಣಿಸು, ಹೆಜ್ಜೆ ಎಣಿಸು ಅಂತ ಆ ಹುಡುಗಿಯ ಹಿಂದೆ ಗಂಟಲು ಹರಿದುಕೊಂಡಾಗ ಒಂದು ದಿನವೂ ಕೇಳಿಸಿಕೊಂಡವಳ ಹಾಗೆ ಮುಖ ಮಾಡಿರಲಿಲ್ಲ. ಈಗ ನೋಡಿದರೆ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ತೆಗೆದುಕೊಂಡು ಹೋಗಿ ಆ ಡಬ್ಬಿಗೆ ಕೊಟ್ಟಳು!

ಅಷ್ಟರಲ್ಲಿ ವಕೀಲ ಓಡಿ ಬಂದ. ನನ್ನನ್ನು ಎಲ್ಲೆಲ್ಲೋ ಹುಡುಕಿದ್ದನಂತೆ, ಏದುಸಿರು ಬಿಡುತ್ತಿದ್ದ.

"ಸಾರ್, ಇನ್ನೆರಡು ತಂಡ ಆದ್ಮೇಲೆ ನಮ್ಮ ಕೊನೇ ಸರದಿ. ಪ್ರೋಗ್ರಾಂ ಮುಗಿಯಲ್ಲ. ಒಂದ್ಸಲ ಮಾತ್ರ ನಮ್ಮ ಸರದೀನ ಎಲ್ಲರಿಗಿಂತ ಕೊನೆಗೆ ಹಾಕಿಸ್ಕೋಬಹುದು. ಆದ್ರೆ ಮಕ್ಕಳು ಕೇಳೋ ಹಾಗಿಲ್ಲ. ಜೊತೇಲಿ ಬಂದ ಹಿರಿಯರೇ ಕೇಳ್ಬೇಕು."

"ಓಹೋ! ಈಗ ನಾನು ಬೇಕಾ?"

"ನಿಯಮ ಸಾರ್."

"ಹೋಗಿ ಅವಳಿಗೆ ಹೇಳು. ಬೇಕು ಅಂತ ಸೋಲಿಸೋನು ಯಾಕೆ ಕೇಳ್ತಾನೆ ಅಂತ."

ವಕೀಲ ಜಾಗ ಬಿಟ್ಟು ಕದಲಲಿಲ್ಲ. "ಸಾರ್, ನೀವು ಕೇಳದಿದ್ರೆ ಅವಳು ಹೇಳಿದ್ದೇ ನಿಜ ಅಂತ ಆಗುತ್ತಲ್ಲ?"

ಆ ಹುಡುಗ ಮುಂದೆ ದೊಡ್ಡ ಕೋರ್ಟಿಗೇ ಹೋಗಬೇಕು, ಇಂಜಿನಿಯರಿಂಗ್ ಅವನಿಗೆ ದಂಡ. ನಾನು ಹೊರಟೆ. ಹೊರಟವನ ಜೇಬಿನಲ್ಲಿ ಬೀಗದ ಕೈ ತೊಡೆಗೆ ಚುಚ್ಚಿತು. ಚುಚ್ಚಲಿ ಅಂತ ನಡೆದೆ.

ಸರದಿ ನೋಡಿಕೊಳ್ಳುವ ಮೇಜಿನ ಹಿಂದೆ ಒಬ್ಬ ದಪ್ಪ ಗಂಟಲಿನ ಮನುಷ್ಯ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸಿದ. "ಆಗಲ್ಲ ಸಾರ್. ಅದನ್ನೆಲ್ಲ ಬೆಳಿಗ್ಗೇನೇ ಹೇಳ್ಬೇಕಿತ್ತು."

"ಬೆಳಿಗ್ಗೆ ಡಬ್ಬಿ ಚೆನ್ನಾಗಿತ್ತು. ಚೆನ್ನಾಗಿರೋದಕ್ಕೆ ಯಾರ್ರೀ ಟೈಮ್ ಕೇಳ್ತಾರೆ?"

"ಎಲ್ಲರೂ ಹೀಗೇ ಕೇಳಿದ್ರೆ ನಾವು ಯಾವಾಗ ಮುಗಿಸೋದು?"

"ಎಲ್ಲರೂ ಕೇಳಿದ್ದಾರಾ? ಎಲ್ಲಿ, ತೋರಿಸಿ ಎಲ್ಲರನ್ನೂ! ಇಲ್ಲಿ ನಿಂತಿರೋದು ನಾನೊಬ್ಬ."

ಹಿಂದಿನಿಂದ ವಕೀಲ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದ: "ತಂಡದ ಹೆಸರು ಕೂಗೋ ತನಕ ಕೇಳಬಹುದು ಅಂತ ಇದೆ ಸಾರ್." ನಾನು ಅದನ್ನು ಪಿಸುಗುಟ್ಟಲಿಲ್ಲ. ನನಗೆ ಪಿಸುಗುಟ್ಟಲು ಬರುವುದಿಲ್ಲ. ಮೈದಾನದ ಆಚೆ ತುದಿಗೆ ಕೇಳಿಸುವ ಗಂಟಲಿನಲ್ಲಿ, ನಿಮ್ಮದೇ ನಿಯಮ, ನೀವೇ ಓದಿ, ಅಂದೆ. ಧ್ವನಿವರ್ಧಕದವನು ಕೂಡ ಅರಚುವುದು ನಿಲ್ಲಿಸಿ ನನ್ನ ಕಡೆ ನೋಡಿದ. ಆ ಮನುಷ್ಯ ಗೊಣಗಿಕೊಂಡು ನಮ್ಮ ಸರದಿಯನ್ನು ಕೊನೆಗೆ ಹಾಕಿದ.

ನಮ್ಮ ಸರದಿ ಬಂದಾಗ ಬಹಳ ತಂಡಗಳು ತಮ್ಮ ಸಾಮಾನು ಕಟ್ಟುತ್ತಿದ್ದವು. ಚಿಗರೆ ಗುಂಡಿ ಒತ್ತಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ನಾನು ಹಳದಿ ಪಟ್ಟಿಗೆ ಬೂಟಿನ ತುದಿ ತಾಗಿಸಿ, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತೆ, ಬಾಯಿ ಜಾರಬಾರದು ಅಂತ.

ಡಬ್ಬಿ ಹೊರಟಿತು. ಸದ್ದು ಹೊಸದು, ಕೀಂಯ್ ಅಲ್ಲ, ಗುರ್ರ್ ಅಲ್ಲ. ಮರದ ತುಂಡಿನ ಮುಂದೆ ಬಂದು ಗಕ್ಕನೆ ನಿಂತಿತು. ಕೊಕ್ಕು ಮುಚ್ಚಿತು. ತಿರುಗಿತು. ಮೊದಲ ತುಂಡು ಚೌಕ ಸೇರಿತು. ಎರಡನೆಯದೂ ಸೇರಿತು. ಮೂರನೆಯದಕ್ಕೆ ಹೋಗುವಾಗ ಚಕ್ರ ಎಲ್ಲೋ ಜಾರಿ, ಡಬ್ಬಿ ವಾರೆಯಾಗಿ, ತುಂಡನ್ನು ಚೌಕದ ಗೆರೆಯ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಬಿಟ್ಟು, ವಾಪಸು ಬರುವ ದಾರಿಯಲ್ಲಿ ಗೋಡೆಗೆ ಒರಗಿ ನಿಂತುಬಿಟ್ಟಿತು. ಗೆದ್ದೆವೋ ಸೋತೆವೋ ತಿಳಿಯದಂಥ ಓಟ. ನನಗೆ ಇಂಥವು ಕಂಡರೆ ಆಗುವುದಿಲ್ಲ.

ಓಟದ ಅಂಕಗಳ ಜೊತೆ ಮಾತಿನ ಅಂಕವೂ ಉಂಟಂತೆ. ಒಬ್ಬ ಇಂಜಿನಿಯರ್ ಹೆಂಗಸು ಬಂದು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, "ಎರಡು ಸೊನ್ನೆ ಆದ್ಮೇಲೆ ಇದು ಹೇಗೆ ಬಂತು?" ಅಂತ ಕೇಳಿದಳು. ನಾನು ಪಟ್ಟಿಯಾಚೆ ನಿಂತು ಕಾದೆ, ಈಗ ನನ್ನ ಮಾನ ಹರಾಜಾಗುತ್ತದೆ ಅಂತ.

"ತಪ್ಪು ನಮ್ಮದೇ ಮೇಡಂ," ಅಂದಳು ಚಿಗರೆ. "ನಾವು ಸೆಕೆಂಡ್ ಲೆಕ್ಕ ಹಾಕಿದ್ವಿ. ದಣಿದ ಬ್ಯಾಟರಿ ಇದ್ದಾಗ ಮಾತ್ರ ಅದು ಸರಿ ಇರ್ತಿತ್ತು. ನಮ್ಮ ಸಾರ್ ಪೂರ್ತಿ ಚಾರ್ಜ್ ಮಾಡ್ಕೊಂಡು ಬಂದ್ರು, ಅದಕ್ಕೆ ಗೊತ್ತಾಯ್ತು. ಹಸಿದಿದ್ರೆ ಮಾತ್ರ ಕೆಲಸ ಮಾಡೋದು ಯಂತ್ರ ಅಲ್ಲ ಅಲ್ವಾ ಮೇಡಂ?" ಆಮೇಲೆ ಹರ್ಡಲಿನ ಹೆಜ್ಜೆಯ ಕಥೆ ಹೇಳಿದಳು. ಆ ಹೆಂಗಸು ಜೋರಾಗಿ ನಕ್ಕು, ಏನೋ ಬರೆದುಕೊಂಡಳು. ಇದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಹರ್ಡಲ್ ನಗುವ ವಿಷಯವಲ್ಲ.

ಅವಳು ಹೋದ ಮೇಲೆ ಚಿಗರೆ ನನ್ನ ಹತ್ತಿರ ಬಂದಳು. "ಸಾರ್, ನೀವು ಬೇಕು ಅಂತ ಮಾಡಿಲ್ಲ ಅಂತ ನನಗೆ ಗೊತ್ತಾಯ್ತು."

"ಹೇಗೆ ಗೊತ್ತಾಯ್ತೋ ಮಹಾರಾಣಿಯವರಿಗೆ?"

"ಬೇಕು ಅಂತ ಮಾಡ್ಬೇಕಾದ್ರೆ ನಿಮಗೆ ಬ್ಯಾಟರಿ ವಿಷಯ ಗೊತ್ತಿರ್ಬೇಕಿತ್ತಲ್ಲ ಸಾರ್."

ಕ್ಷಮೆ ಕೇಳುವ ರೀತಿಯೇ ಇದು? ಆದರೂ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ, ಆ ಹಾಳು ಹುಡುಗಿಯ ತಲೆಗೆ ಒಂದು ಮೊಟಕಿದೆ.

ಮುಂದಿನ ಸುತ್ತಿಗೆ ಹೋಗುವವರ ಹೆಸರು ಕೂಗಿದರು. ಕೂಗುತ್ತಲೇ ಹೋದರು, ನಮ್ಮದಿಲ್ಲ. ಎಲ್ಲ ಮುಗಿಯಿತು ಅಂದುಕೊಂಡಾಗ, ಕಟ್ಟಕಡೆಗೆ, ನಮ್ಮ ಶಾಲೆಯ ಹೆಸರು ಬಂತು. ಮಾತಿನ ಅಂಕ ದಡ ಮುಟ್ಟಿಸಿತ್ತು. ತಿರುಪು ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಕುಣಿದ. ವಕೀಲ ಯಾರೊಡನೆಯೋ ಕೈ ಕುಲುಕಿದ. ನಾನು ಸೀಟಿ ಊದಿದೆ. ಒಂದೇ ಒಂದು ಸಲ, ಉದ್ದಕ್ಕೆ. ಯಾಕೆ ಊದಿದೆ ಅಂತ ಕೇಳಬೇಡಿ.

ಸೋಮವಾರ ದೊಡ್ಡ ಮೇಡಂ ಕೈ ಚಾಚಿದರು. ನಾನು ಬೀಗದ ಕೈ ಕೊಟ್ಟೆ. ಆಮೇಲೆ ಚೆಂಡಿನ ಚೀಲ ಹೆಗಲಿಗೇರಿಸಿ, ನನ್ನ ಸಾಮಾನನ್ನು ಮಹಡಿ ಮೆಟ್ಟಿಲ ಕೆಳಗಿನ ಸಂದಿಗೆ ಸಾಗಿಸತೊಡಗಿದೆ. ಎರಡನೆಯ ಸಲ ಬಂದಾಗ ಮೂವರೂ ಬಾಗಿಲಿಗೆ ಅಡ್ಡ ನಿಂತು ಮೇಲೆ ನೋಡುತ್ತಿದ್ದರು.

"ದಾರಿ ಬಿಡ್ರೋ."

"ಸಾರ್, ನಮಗೆ ಬೇಕಾಗಿರೋದು ಮೇಜಿನಷ್ಟು ನೆಲ," ಅಂದಳು ಚಿಗರೆ. "ಮೇಲೆ ಸೂರಿನ ತನಕ ಅಷ್ಟೂ ಖಾಲಿ ಇದೆ."

"ಗಾಳೀಲಿ ಚೆಂಡು ಇಡ್ತೀಯಾ?"

"ನೇತು ಹಾಕ್ತೀವಿ. ತೊಲೆಗೆ ರಾಟೆ ಕಟ್ಟಿ, ಹಗ್ಗದ ಆಚೆ ತುದಿಗೆ ಚೀಲಕ್ಕಿಂತ ಚೂರು ಹೆಚ್ಚು ತೂಕದ ಕಲ್ಲು ಕಟ್ತೀವಿ, ಹಗ್ಗ ಎಳೆದ್ರೆ ಚೀಲ ಕೆಳಗೆ, ಬಲೆ ಕೆಳಗೆ. ಬಿಟ್ರೆ ಮೇಲೆ. ಆ ಚೀಲ ಎಷ್ಟು ತೂಕ ಇದೆ ಸಾರ್?"

"ನನಗೇನು ಗೊತ್ತು? ಎತ್ತಿ ನೋಡು!"

ಎತ್ತಿ ನೋಡಿದಳು. ತಿರುಪು ಎತ್ತಿ ನೋಡಿ ಬೇರೆ ತೂಕ ಹೇಳಿದ. ಇಬ್ಬರದೂ ತಪ್ಪು ಅಂತ ವಕೀಲ ವಾದಿಸಿದ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಕಿವಿ ಮುಚ್ಚಿಕೊಂಡೆ. ಒಳಗಿನಿಂದ ಸುತ್ತಿಗೆ ಸದ್ದು, ಜಗಳ, ಮತ್ತೆ ಸುತ್ತಿಗೆ.

ನೇತು ಹಾಕಿಯೇಬಿಟ್ಟರು. ಎರಡು ದಿನ ಚೆನ್ನಾಗಿಯೇ ಇತ್ತು. ಮೂರನೆಯ ದಿನ ನಾನು ಹಗ್ಗ ಎಳೆದೆ, ಗಂಟು ಬಿಚ್ಚಿಕೊಂಡಿತು, ಚೀಲದಲ್ಲಿದ್ದ ಚೆಂಡುಗಳೆಲ್ಲ ಒಂದರ ಹಿಂದೆ ಒಂದು ನನ್ನ ತಲೆ ಮೇಲೆ ಸುರಿದವು. ಮೂವರೂ ಓಡಿ ಬಂದರು. ಏಟಾಯ್ತಾ ಅಂತ ಕೇಳುತ್ತಾರೆ ಅಂದುಕೊಂಡೆ. ತಿರುಪು ಸೀದಾ ಏಣಿ ಹತ್ತಿದ. ವಕೀಲ ಹಗ್ಗದ ತುದಿ ಹಿಡಿದು ನೋಡಿದ. ಚಿಗರೆ ಮಾತ್ರ ನನ್ನ ಮುಖ ನೋಡಿ, ಕಣ್ಣು ಅರಳಿಸಿ, "ಪರವಾಗಿಲ್ಲ ಸಾರ್, ಎಲ್ಲಿ ತಪ್ಪಾಗಿದೆ ಅಂತ ಗೊತ್ತಾಯ್ತು," ಅಂದಳು.

ಹಣೆಯ ಮೇಲೆ ಬೋರೆ ಎದ್ದಿತ್ತು. ಬಾಯಿ ತುಂಬ ಬೈದೆ. ಬೈದದ್ದು ಮುಗಿದ ಮೇಲೆ, "ಎಲ್ಲೇ ತಪ್ಪಾಗಿರೋದು? ತೋರಿಸು," ಅಂದೆ.